ಹೆಸರು ಹೊತ್ತ ಕೈಚೀಲ

ನಮ್ಮ ಕಡೆ ಪಾತ್ರೆಗಳ ಮೇಲೆ ಮನೆಯವರ ಹೆಸರನ್ನು ಕೆತ್ತಿಸುವುದು ರೂಢಿ. ಮದುವೆಮನೆಯಲ್ಲಿ ಕೊಳದಪ್ಪಲೆಯೊಂದು ಕೈತಪ್ಪಿದರೆ ಅದು ಯಾರದೆಂದು ತಿಳಿಯಬೇಕಷ್ಟೆ. ಪಾತ್ರೆಯನ್ನು ಬಡಿದ ಕಂಚುಗಾರನ ಹೆಸರನ್ನು ಮೆರೆಯಿಸಿಕೊಂಡು ತಿರುಗಿದವರನ್ನು ನಾವು ಕಂಡಿಲ್ಲ. ಪಾಶ್ಚಾತ್ಯರ ಬೆಲೆಬಾಳುವ ಕೈಚೀಲಗಳ ಮೇಲಾದರೋ ಎದ್ದುಕಾಣುವುದು ಹಿಡಿದವಳ ಹೆಸರಲ್ಲ, ಮಾಡಿದವನ ಹೆಸರು. ಲಕ್ಷ ರೂಪಾಯಿಗೆ ಮೇಲ್ಪಟ್ಟು ತೆತ್ತು ಅನ್ಯರ ಹೆಸರನ್ನು ತೋಳಿಗೆ ತಗುಲಿಸಿಕೊಳ್ಳುವುದು ವಿಚಿತ್ರವೆಂದು ತೋರಿದರೂ, ಶತಮಾನವನ್ನು ಮೀರಿ ಬಾಳಿರುವ ಪದ್ಧತಿಯನ್ನು ನಕ್ಕು ತಳ್ಳಿಬಿಡಲಾಗದು. ಈ ಷೋಕಿಯು ಎಂದಾದರೂ ಹಳತಾಗುವುದುಂಟೆ ಎಂಬುದೇ ಈ ತಿಂಗಳಿನ ವಿಚಾರ.

ಲೂಯಿ ವಿಟಾನ್ ಎಂಬಾತನು 1854ರಲ್ಲಿ ಪ್ಯಾರಿಸ್ ನಗರದಲ್ಲಿ ಪ್ರಯಾಣದ ಪೆಟ್ಟಿಗೆಗಳ ಅಂಗಡಿಯನ್ನು ತೆರೆದನು. ಅಂದಿನ ಪೆಟ್ಟಿಗೆಗಳ ಮುಚ್ಚಳಗಳು ಕಮಾನಿನಂತೆ ಉಬ್ಬಿರುತ್ತಿದ್ದುವು; ಈತನು ಚಪ್ಪಟೆಯಾದ ಮುಚ್ಚಳವನ್ನು ಮಾಡಿದುದರಿಂದ ಒಂದರ ಮೇಲೊಂದನ್ನು ಪೇರಿಸುವುದು ಸುಲಭವಾಯಿತು. ಒಡನೆಯೇ ಅನುಕರಿಸುವವರು ಹುಟ್ಟಿಕೊಂಡರು. ಮೇಲುಬಟ್ಟೆಗೆ ಪಟ್ಟೆಗಳನ್ನು ಹಾಕಿಸಿದನು, ಅವನ್ನೂ ನಕಲುಮಾಡಿದರು. 1888ರಲ್ಲಿ ಚದುರಂಗದ ಮಣೆಯಂತಹ ಚೌಕುಳಿಯನ್ನು ತಂದು, ಇದು ನೋಂದಾಯಿತವಾದ ಮುದ್ರೆಯೆಂದು ಅದರ ಮೇಲೆಯೇ ಬರೆಯಿಸಿದ್ದಾಯಿತು. ತಂದೆಯು 1892ರಲ್ಲಿ ತೀರಿಕೊಂಡ ಮೇಲೆ ಮಗನಾದ ಜಾರ್ಜನು 1896ರಲ್ಲಿ ತಂದೆಯ ಹೆಸರಿನ ಎರಡು ಪದಗಳ ಮೊದಲಕ್ಷರಗಳನ್ನು ಹೆಣೆದು, ನಡುನಡುವೆ ನಾಲ್ಕೆಸಳಿನ ಹೂಗಳನ್ನಿರಿಸಿ ಹೊಸ ವಿನ್ಯಾಸವನ್ನು ಹೊರತಂದನು. ಮೋಸಗಾರರನ್ನು ತಡೆಯಲೆಂದು ಹುಟ್ಟಿದ ಆ ಗುರುತೇ ಇಂದು ಲೋಕದಲ್ಲಿ ಅತಿಯಾಗಿ ನಕಲಾಗುತ್ತಿರುವ ಗುರುತುಗಳಲ್ಲೊಂದಾಗಿರುವುದು. ವಿಶಾಖದತ್ತನ ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕಿ ರಾಕ್ಷಸನಿಗೇ ಮುಳುವಾದುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುದ್ರೆಗೆ ಕಳ್ಳರಿಗಿಂತಲೂ ದೊಡ್ಡ ಶತ್ರುವೊಂದುಂಟು. ಅದು ಒಡೆಯರ ದುರಾಶೆ. ಫ್ಲಾರೆನ್ಸಿನಲ್ಲಿ 1921ರಲ್ಲಿ ಆರಂಭವಾದ ಗುಚ್ಚಿ ಎಂಬ ಮನೆತನದವರು 1980ರ ದಶಕದ ವೇಳೆಗೆ ತಮ್ಮ ಜೋಡಿ ಅಕ್ಷರವನ್ನು ಪೆನ್ನು, ಲೈಟರು, ಪ್ರಸಾಧನದ ಅಗ್ಗದ ಚೀಲ ಮೊದಲಾದ ಕಂಡಕಂಡುದರ ಮೇಲೆಲ್ಲ ಒತ್ತಿದರು. ಎಲ್ಲರ ಕೈಯಲ್ಲಿಯೂ ಕಂಡ ಗುರುತನ್ನು ಸಿರಿವಂತರು ಕೈಬಿಟ್ಟರು. 1989ರಲ್ಲಿ ಬಂದ ಡಾನ್ ಮೆಲ್ಲೋ ಎಂಬಾಕೆ ಸರಕುಗಳನ್ನೂ ಅಂಗಡಿಗಳನ್ನೂ ಕತ್ತರಿಸಿ ಮರ್ಯಾದೆಯನ್ನು ಮರಳಿಸಬೇಕಾಯಿತು.

ಆದುದರಿಂದ ಹಳತಾಗುವುದು ದಿಟ. ಆದರೆ ಸಾಯುವುದಿಲ್ಲ, ಅಟ್ಟದ ಮೇಲೆ ಮಲಗಿದ್ದು ಏಳುವುದು. ಜಪಾನಿನ ಚಿತ್ರಕಾರ ಟಕಾಷಿ ಮುರಕಾಮಿಯು 2003ರಲ್ಲಿ ವಿಟಾನ್ ಅಕ್ಷರಗಳಿಗೆ ಬಹುವರ್ಣಗಳನ್ನು ಕೊಟ್ಟಾಗ ಹೆಂಗಳೆಯರು ಮುಗಿಬಿದ್ದರು. 2015ರಲ್ಲಿ ಅದನ್ನು ನಿಲ್ಲಿಸಿದರು. 2025ರಲ್ಲಿ ಮತ್ತೆ ತಂದರು. 2000ದ ಸುಮಾರಿನಲ್ಲಿ ಮೆರೆದ ಡಿಯೋರ್ ಸಂಸ್ಥೆಯ ಜೀನಿನಾಕಾರದ ಚೀಲವೂ ಮಂಕಾಗಿ 2018ರಲ್ಲಿ ಮರಳಿತು. ತಾಯಂದಿರು ನಾಚಿ ಒಳಗಿಟ್ಟುದನ್ನು ಆಗ ತೊಟ್ಟಿಲಲ್ಲಿದ್ದ ಹೆಣ್ಣುಮಕ್ಕಳು ಹೊಸತೆಂದು ಹಿಡಿಯುವರು. ನಡುವಣ ಕಾಲದಲ್ಲಿ ಅಕ್ಷರವಿಲ್ಲದ ಚೀಲಗಳಿಗೆ ಮನ್ನಣೆ. ಇಟಲಿಯಲ್ಲಿ 1966ರಲ್ಲಿ ಹುಟ್ಟಿದ ಬೊಟ್ಟೆಗಾ ವೆನೆಟಾ ಸಂಸ್ಥೆಯವರು ತೊಗಲಿನ ಪಟ್ಟಿಗಳನ್ನು ಚಾಪೆಯಂತೆ ಹೆಣೆಯುವರು, ಹೊರಗೆ ಹೆಸರಿರದು. ಆದರೆ ಬಲ್ಲವರಿಗೆ ಆ ಹೆಣಿಗೆಯೇ ಹೆಸರು!

ಇಷ್ಟನ್ನು ಬರೆಯಲು ಕಾರಣ ವಾಚಕರಾದ ಗೃಹಿಣಿಯೊಬ್ಬರ ಪತ್ರ. ಅವರ ಮಗಳು ಮೂರು ತಿಂಗಳ ಸಂಬಳವನ್ನು ಕೂಡಿಟ್ಟು ಇಂತಹ ಚೀಲವನ್ನು ಕೊಳ್ಳಲುದ್ಯುಕ್ತಳಾಗಿರುವಳಂತೆ. “ಇದು ಚಿನ್ನವಿದ್ದ ಹಾಗೆ ಕಣಮ್ಮ” ಎಂಬುದು ಆಕೆಯ ವಾದವಂತೆ. ಈ ಒಂದು ಮಾತನ್ನು ನಾವು ಒಪ್ಪಲಾರೆವು. ಬಳೆಯ ಕುಸುರಿ ಹಳತಾದರೂ ಕರಗಿಸಿದರೆ ತೂಕಕ್ಕೆ ಬೆಲೆಯುಂಟು. ಮಾಡಿದ ಅಕ್ಕಸಾಲಿಯ ಹೆಸರನ್ನು ಯಾರೂ ಕೇಳರು. ವಿಟಾನ್ ಚೀಲದ ಅಕ್ಷರಗಳಿರುವ ಭಾಗವು ಬಹುಮಟ್ಟಿಗೆ ತೊಗಲೂ ಅಲ್ಲ, ಪ್ಲಾಸ್ಟಿಕ್ಕಿನ ಲೇಪವುಳ್ಳ ಕ್ಯಾನ್‌ವಾಸು. ಅಕ್ಷರಗಳನ್ನು ಅಳಿಸಿದರೆ ಉಳಿಯುವ ಬೆಲೆಯೆಷ್ಟು? ಕೆಲವು ಅಪರೂಪದ ಮಾದರಿಗಳ ಹೊರತು, ಮರಳಿ ಮಾರುವಾಗ ಕೊಂಡ ಹಣವು ಕೈಗೆ ಬಾರದು.

ಹವೆಯನ್ನೂ ಎಣಿಸತಕ್ಕದ್ದು. ಹಿಡಿಗಳಿಗೆ ಬಳಸುವ ಹದಮಾಡಿದ ತಿಳಿಬಣ್ಣದ ತೊಗಲಿಗೆ ಮೇಲುಲೇಪವಿರುವುದಿಲ್ಲ. ಮಳೆಯ ಹನಿ ಬಿದ್ದರೆ ಕಲೆ, ಕೈಬೆವರಿಗೆ ಕಪ್ಪು. ಹೋದ ಷೋಕಿಯು ಮರಳಲು ಹತ್ತಿಪ್ಪತ್ತು ವರ್ಷಗಳು ಬೇಕಷ್ಟೆ; ಮಡಿಕೇರಿ, ಆಗುಂಬೆಗಳ ಮಳೆಗಾಲದ ಬೂಷ್ಟು ಅಷ್ಟು ಕಾಲ ಕಾಯದು. ಇಡುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಒಳಗೆ ಕಾಗದವನ್ನು ತುಂಬಿ, ಆಗಾಗ್ಗೆ ನೆರಳಿನಲ್ಲಿ ಗಾಳಿಗಿಡಬೇಕು.

ಮಗಳು ಸ್ವಂತ ದುಡಿಮೆಯ ಹಣದಿಂದ ಕೊಳ್ಳುವುದನ್ನು ತಾಯಿಯು ತಡೆಯಬೇಕೆಂದು ನಾವು ಹೇಳೆವು. ಹೆಣ್ಣುಮಕ್ಕಳ ಸಂಬಳವು ಹೆಣ್ಣುಮಕ್ಕಳದೇ. ಆದರೆ ಆಕೆಯನ್ನು ಒಂದು ಮಾತು ಕೇಳಿನೋಡಬಹುದು: ಐದು ವರ್ಷಗಳ ತರುವಾಯ ಗೆಳತಿಯರು ಇದನ್ನು ಹಳೆಯ ಮಾದರಿಯೆಂದು ಮೂಗುಮುರಿದಾಗಲೂ ನೀನಿದನ್ನು ಹಿಡಿದು ಆಫೀಸಿಗೆ ಹೋಗುವೆಯಾ? ಹೌದೆಂದರೆ ಕೊಳ್ಳಲಿ, ದಿನವೂ ಬಳಸಲಿ. ಹಿಂಜರಿದರೆ ಆ ಹಣವು ಬ್ಯಾಂಕಿನಲ್ಲಿರುವುದೇ ಲೇಸು. ನಕಲಿಯ ಗೊಡವೆಯಂತೂ ಬೇಡ. ಕೊಂಡುದೇ ಆದರೆ ಅಂಗಡಿಯ ರಸೀತಿಯನ್ನು ಜೋಪಾನವಾಗಿಡತಕ್ಕದ್ದು. ಆ ಚೀಲದೊಳಗಲ್ಲ, ಬೇರೆ ಕಡೆ.