ಸಾದಾ ಗಾಯ

ವಿಜಯಪುರದ ಭೂತನಾಳ ಕೆರೆಯ ಆಚೆ, ತಿಕೋಟಾ–ಬಬಲೇಶ್ವರ ಕಡೆ ದ್ರಾಕ್ಷಿ ಪಡದಲ್ಲಿ ದುಡಿಯುವವರು ದಿನವಿಡೀ ಗೋಣು ಮೇಲೆತ್ತಿಯೇ ಇರಬೇಕು. ಬಳ್ಳಿ ಸವರುವ ಚಾಟ್ನಿ ಇರಲಿ, ಗೊನೆಯಲ್ಲಿ ಕಾಯಿ ಬಿಡಿಸಿ ತೆಳುವು ಮಾಡುವುದಿರಲಿ, ಕಣ್ಣು ಚಪ್ಪರದ ಮೇಲೆ, ಕೈಯೂ ಮೇಲೆ. ಅಂಥವರು ತುಂಬಿದ ಟಂಟಂಗೆ ಹಿಂದಿನಿಂದ ಲಾರಿ ಗುದ್ದಿತೆನ್ನಿ. ರಕ್ತ ಬರಲಿಲ್ಲ, ಎಲುಬು ಮುರಿಯಲಿಲ್ಲ. ತಲೆ ಒಮ್ಮೆಲೇ ಹಿಂದೆ ಮುಂದೆ ಜಗ್ಗಿ ಗೋಣಿನ ಸ್ನಾಯು ಉಳುಕಿದವು, ಅಷ್ಟೇ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಕಾಗದದಲ್ಲಿ ಅದು ‘ಸಾದಾ ಗಾಯ’. ‘ಗೋಣ ಎತ್ತಾಕ ಬರವಲ್ದರಿ’ ಎನ್ನುವ ಹೆಣ್ಣುಮಗಳಿಗೆ ಆ ಹಂಗಾಮಿನ ಕೂಲಿಯೇ ಹೋಗಿರುತ್ತದೆ.

ಈ ಸಾದಾ ಗಾಯಕ್ಕೆ ಕಾನೂನು ಕಟ್ಟುತ್ತ ಬಂದ ಬೆಲೆ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಎರಡನೇ ಅನುಸೂಚಿ ಸೇರಿತು. ನೋವು, ಯಾತನೆಗೆಂದು ಭಾರಿ ಗಾಯಕ್ಕೆ 5,000 ರೂಪಾಯಿ, ಭಾರಿಯಲ್ಲದ್ದಕ್ಕೆ 1,000. ಜೀವನವೆಚ್ಚ ನೋಡಿಕೊಂಡು ಕೇಂದ್ರ ಸರ್ಕಾರ ಇದನ್ನು ಕಾಲಕಾಲಕ್ಕೆ ತಿದ್ದಬಹುದು ಎಂದು 163ಎ ಕಲಮಿನಲ್ಲೇ ಬರೆದಿತ್ತು. ‘ಬಹುದು’ ಎಂಬ ಆ ಮಾತು 24 ವರ್ಷ ನುಂಗಿತು. ಕರ್ನಾಟಕದಿಂದ ಹೋದ ಪುಟ್ಟಮ್ಮ ಪ್ರಕರಣದಲ್ಲಿ, 2013ರಲ್ಲಿ, ಅನುಸೂಚಿ ತಿದ್ದಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಕೊನೆಗೆ 2018ರ ಮೇ ತಿಂಗಳಲ್ಲಿ ಬಂದ ಅಧಿಸೂಚನೆ ಸಣ್ಣ ಗಾಯಕ್ಕೆ 25,000 ರೂಪಾಯಿ ಇಟ್ಟಿತು. 2019ರ ಜನವರಿ 1ರಿಂದ ವರ್ಷಕ್ಕೆ ಶೇ 5ರಷ್ಟು ಏರಿಕೆ ಎಂದೂ ಬರೆಯಿತು. ಯಾರ ಮುಂದೆಯೂ ಕೈ ಚಾಚದೆ ತಾನಾಗಿ ಏರುವ ಪರಿಹಾರ ಅದು.

ಅದಕ್ಕೆ ನಾಲ್ಕು ವರ್ಷದ ಆಯುಷ್ಯವೂ ಇರಲಿಲ್ಲ. ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಪರಿಹಾರದ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂತು. 163ಎ ಹೋಯಿತು, ಅನುಸೂಚಿಯೂ ಹೋಯಿತು. ಹೊಸ 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ. ಸಾದಾ ಗಾಯದ ಹೆಸರೇ ಇಲ್ಲ, ವರ್ಷದ ಏರಿಕೆಯೂ ಇಲ್ಲ. ಉಳುಕಿದ ಗೋಣಿನವರು 166ನೇ ಕಲಮಿನಡಿ ಚಾಲಕನ ತಪ್ಪು ಸಾಬೀತು ಮಾಡಬೇಕು. ಸಿಕ್ಕಿದ್ದು ಸಾಲದೆನಿಸಿದರೆ ಮೇಲ್ಮನವಿಗೆ ಹೈಕೋರ್ಟಿನ ಕಲಬುರಗಿ ಪೀಠ. ದಿನಗೂಲಿಯವರು ಎಷ್ಟು ಸಲ ಹೋದಾರು?

ಬೆಲೆಯೇರಿಕೆಗೆ ಪರಿಹಾರ ಜೋಡಿಸುವುದು ನಮ್ಮ ಕೋರ್ಟುಗಳಿಗೆ ಹೊಸದಲ್ಲ. 2017ರ ಪ್ರಣಯ್ ಸೇಠಿ ತೀರ್ಪು ಅಂತ್ಯಕ್ರಿಯೆಗೆ 15,000 ರೂಪಾಯಿ ಗೊತ್ತುಮಾಡಿ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಿ ಎಂದಿತು. ಸತ್ತವರ ಲೆಕ್ಕ ಏರುತ್ತದೆ, ಬದುಕಿ ನರಳುವವರ ನೋವಿಗೆ ಅಂಥ ನಿಯಮವಿಲ್ಲ. ಆದಾಯದ ದಾಖಲೆ ಇಲ್ಲದವರಿಗಾಗಿ ನಮ್ಮ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯೊಂದಿದೆ. ಅಪಘಾತವಾದ ವರ್ಷ ನೋಡಿ ತಿಂಗಳ ಆದಾಯ ಹಿಡಿಯುತ್ತಾರೆ. 2016ಕ್ಕೆ 9,500 ರೂಪಾಯಿ. ಇದೇ ಬುದ್ಧಿ ನೋವಿನ ಲೆಕ್ಕಕ್ಕೂ ಬರಬೇಕು.

ಗೋಣಿನ ನೋವಿನ ಹೆಸರಲ್ಲಿ ಸುಳ್ಳು ಕ್ಲೇಮು ಬರುತ್ತವೆ ಎಂಬ ವಿಮಾ ಕಂಪನಿಗಳ ಆತಂಕ ಪೂರಾ ಹುಸಿಯಲ್ಲ. ಆ ಆತಂಕದಿಂದಲೇ ಇಂಗ್ಲೆಂಡು–ವೇಲ್ಸ್ 2021ರಲ್ಲಿ ಈ ಗಾಯಕ್ಕೆ ದರಪಟ್ಟಿ ತಂದು ಪರಿಹಾರವನ್ನು ಕಡಿತ ಮಾಡಿತು. ಆದರೆ ಮೂರು ವರ್ಷಕ್ಕೊಮ್ಮೆ ಪರಿಶೀಲಿಸಲೇಬೇಕು ಎಂದು ಅಲ್ಲಿನ ಕಾಯ್ದೆಯೇ ಹೇಳುತ್ತದೆ. 2025ರ ಮೇ 31ರಿಂದ ದರ ಶೇ 15ರಷ್ಟು ಏರಿತು. ಮೂರು ತಿಂಗಳೊಳಗೆ ವಾಸಿಯಾಗುವ ನೋವಿಗೆ ಇದ್ದ 240 ಪೌಂಡು 275 ಆಯಿತು. ಕೈ ಬಿಗಿ ಹಿಡಿದವರೇ ಇಷ್ಟು ಮಾಡಿದ್ದಾರೆ.

ನಮ್ಮ ಸಂಸದರು ಕೇಳಬೇಕಾದದ್ದು ದೊಡ್ಡದೇನಲ್ಲ. 164ನೇ ಕಲಮಿನಲ್ಲಿ ಸಾದಾ ಗಾಯಕ್ಕೆ ಮತ್ತೆ ಒಂದು ಮೊತ್ತ, ಅದರ ಪಕ್ಕದಲ್ಲಿ ವರ್ಷದ ಏರಿಕೆ. ಈ ಸಲ ‘ಬಹುದು’ ಬೇಡ, ‘ತಕ್ಕದ್ದು’ ಎಂದೇ ಬರೆಯಲಿ.