ಮೈ ಕಟ್ಟಲು ಪ್ರೋಟೀನ್ ಪುಡಿ ಬೇಕೇ?

ಪರ: ಪಿ.ಜಿ. ಊಟದಲ್ಲಿ ಲೆಕ್ಕ ತುಂಬುವುದಿಲ್ಲ

ಬೆಂಗಳೂರಿನ ಪಿ.ಜಿ.ಗಳಲ್ಲಿದ್ದು ಕೆಲಸಕ್ಕೆ ಹೋಗುವ ಹುಡುಗರ ಊಟ ನೋಡಿ. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಉಪ್ಪಿಟ್ಟು, ರಾತ್ರಿ ಅನ್ನ ಮತ್ತು ಬೇಳೆಯೇ ಕಾಣದ ತಿಳಿಸಾರು. ಹೊಟ್ಟೆಯೇನೋ ತುಂಬುತ್ತದೆ. ಆರೋಗ್ಯವಂತರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತದೆ ಐಸಿಎಂಆರ್. ಭಾರ ಎತ್ತಿ ಮೈ ಬೆಳೆಸುವವರಿಗೆ ಸುಮಾರು 1.6 ಗ್ರಾಂ ಬೇಕು. 60 ಕಿಲೋ ತೂಗುವವನಿಗೆ ಅದು 96 ಗ್ರಾಂ. ಆ ತಟ್ಟೆಯಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ.

ವೇ ಪುಡಿಯನ್ನು ಸ್ಟೀರಾಯ್ಡ್ ಎಂದು ಹೆದರುವ ತಂದೆತಾಯಿಯರಿದ್ದಾರೆ. ಅದು ಹಾಲಿನದೇ ಸಾರ. ಚೀಸ್ ಮಾಡುವಾಗ ಬೇರೆಯಾಗುವ ನೀರನ್ನು ಸೋಸಿ ಒಣಗಿಸಿದ್ದು. ಬೇಗ ಅರಗುತ್ತದೆ. ಸ್ನಾಯು ಬೆಳೆಯಲು ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅದರಲ್ಲಿ ಹೇರಳ. ಒಂದು ಅಳತೆಗೆ ಸುಮಾರು 24 ಗ್ರಾಂ ಪ್ರೋಟೀನ್. ಮೊಟ್ಟೆ ಮುಟ್ಟದ, ಒಲೆ ಹಚ್ಚಲು ಜಾಗವಿಲ್ಲದ ಹುಡುಗನಿಗೆ ಅದೊಂದು ಆಸರೆ.

ವಿರೋಧ: ಕಾಳು ಬಡಿಸಿಕೊಳ್ಳಿ

ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದು ಮಟ್ಟಿಗಿಳಿಯುತ್ತಿದ್ದ ಹಳೆಯ ಪೈಲ್ವಾನರು ಹಾಲು, ಅರೆದ ಬಾದಾಮಿ, ಮೊಟ್ಟೆ, ಮಾಂಸ, ನೆನೆಸಿದ ಕಡಲೆಯಲ್ಲೇ ಮೈ ಕಟ್ಟಿದವರು. ಹಾಗೆಂದು ಅವರು ತಿಂದಷ್ಟು ತುಪ್ಪ ದಿನವಿಡೀ ಕೂತು ದುಡಿಯುವವರಿಗೆ ಆಗಿಬರುವುದಿಲ್ಲ. ಕಾಳಿನ ಮಾತೇ ಬೇರೆ.

ನಮ್ಮ ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು, ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡುತ್ತೇವೆ. ಮುದ್ದೆ ಆ ಸಾರಿನಲ್ಲೇ ಮುಗಿದುಹೋಗುತ್ತದೆ. ಪ್ರೋಟೀನಿನ ಬಹುಪಾಲು ಉಳಿದಿರುವುದು ಬಸಿದ ಕಾಳಿನಲ್ಲಿ; ಅದು ಪಲ್ಯವಾಗಿ ತಟ್ಟೆಯಂಚಿಗೆ ಎರಡು ಚಮಚ ಬೀಳುತ್ತದೆ, ಅಷ್ಟೇ. ಮೈ ಕಟ್ಟುವವರು ಅದನ್ನು ಬಟ್ಟಲು ತುಂಬ ತಿನ್ನಬೇಕು. 100 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಮುದ್ದೆ-ಕಾಳು ಎಂಥ ಒಳ್ಳೆಯ ಜೋಡಿ!

ಇನ್ನು ಮೊಟ್ಟೆ ತಿನ್ನದವರ ಲೆಕ್ಕ. ಕಾಳಿನಿಂದ 22 ಗ್ರಾಂ, ಅರ್ಧ ಲೀಟರ್ ಹಾಲು-ಮೊಸರಿನಿಂದ 16, 50 ಗ್ರಾಂ ಸೋಯಾ ಚಂಕ್ಸ್‌ನಿಂದ 26, 40 ಗ್ರಾಂ ಕಡಲೆಬೀಜದಿಂದ 10, ದಿನದ ರಾಗಿ-ಅಕ್ಕಿಯಿಂದ ಇನ್ನೊಂದು 20. ಒಟ್ಟು 94. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ: ನಾಲ್ಕು ಮೊಟ್ಟೆ ಎಂದರೆ ಪುಡಿಯ ಒಂದು ಅಳತೆಗೆ ಸಮ, ಖರ್ಚು ಅದಕ್ಕಿಂತ ಕಡಿಮೆ. ಪಿ.ಜಿ.ಯಲ್ಲಿ ಒಲೆ ಇಲ್ಲ ಎನ್ನುವುದು ನಿಜವಾದ ಕಷ್ಟ, ಒಪ್ಪುತ್ತೇನೆ. ಆದರೆ ಹುರಿಗಡಲೆ, ಕಡಲೆಬೀಜ, ಮೊಸರು, ಮೊಳಕೆ ಬರಿಸಿದ ಹೆಸರುಕಾಳಿಗೆ ಒಲೆ ಬೇಕಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬಳಸಬೇಡಿ ಎಂದೇ ಹೇಳಿದೆ. ಕೆಲವು ಪುಡಿಗಳಲ್ಲಿ ಸಕ್ಕರೆ, ಕೃತಕ ಸುವಾಸನೆಗಳೂ ಸೇರಿರುತ್ತವೆ. ಹಾಗಾಗಿ ಡಬ್ಬಿ ಕೊಳ್ಳುವ ಮುನ್ನ ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ಕೂಡಿಸಿ ನೋಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ, ಪುಡಿಯಾಗಲಿ ಕಾಳಾಗಲಿ, ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.