ಭಗ್ನ ಜಿನಬಿಂಬಗಳೂ ಸಿದ್ಧ ಉತ್ತರವೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ರುಂಡವಿಲ್ಲದ ಜಿನಬಿಂಬವೊಂದು ಕಣ್ಣಿಗೆ ಬಿದ್ದರೆ ‘ಮುಸಲ್ಮಾನರ ದಂಡು ಒಡೆದದ್ದು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಮ್ಮ ಸಮಾಜದ ಸ್ಮರಣ ಸಂಚಿಕೆಗಳೂ ಅದನ್ನೇ ಅಚ್ಚುಹಾಕುತ್ತ ಬಂದಿವೆ. ಈ ಉತ್ತರ ಕೆಲವೆಡೆ ನಿಜ. ಎಲ್ಲೆಡೆಯೂ ನಿಜವೆನ್ನಲು ಶಾಸನಗಳು ಒಪ್ಪುವುದಿಲ್ಲ.

ಇಸ್ಲಾಮಿನ ಆದಿಕಾಲದ ಸೇನೆಗಳೊಡನೆ ಕನ್ನಡ ಅರಸುಮನೆತನಗಳ ಮುಖಾಮುಖಿ ನಡೆದದ್ದು ಗುಜರಾತಿನಲ್ಲಿ. 712ರ ಹೊತ್ತಿಗೆ ಸಿಂಧನ್ನು ಗೆದ್ದ ಅರಬರು ಮುಂದೆ ಲಾಟದವರೆಗೂ ನುಗ್ಗಿದಾಗ, ಬಾದಾಮಿ ಚಾಲುಕ್ಯರ ಶಾಖೆಯ ಅವನಿಜನಾಶ್ರಯ ಪುಲಕೇಶಿ ಅವರನ್ನು ಸೋಲಿಸಿದನೆಂದು 739ರ ನವಸಾರಿ ತಾಮ್ರಪಟ ಹೇಳುತ್ತದೆ. ಅಲ್ಲಿ ಅವರ ಹೆಸರು ‘ತಾಜಿಕ’ರು. ಎರಡು ಶತಮಾನ ಕಳೆಯುವಷ್ಟರಲ್ಲಿ ಅದೇ ತಾಜಿಕರಲ್ಲೊಬ್ಬ ರಾಷ್ಟ್ರಕೂಟರ ಅಧಿಕಾರಿ! ಸಂಜಾಣ ಮಂಡಲವನ್ನು ಮಧುಮತಿಗೆ (ಮಹಮ್ಮದ್ ಎಂಬುದರ ಸಂಸ್ಕೃತ ರೂಪವಿದು) ವಹಿಸಿದವನು ಇಮ್ಮಡಿ ಕೃಷ್ಣನೆಂದು 926ರ ಚಿಂಚಣಿ ತಾಮ್ರಪಟದಿಂದ ತಿಳಿಯುತ್ತದೆ. ಇದೇ ಕೃಷ್ಣನ, ಅಂದರೆ ಅಕಾಲವರ್ಷನ, ಆಳ್ವಿಕೆಯಲ್ಲೇ ಶಕ 820ರಲ್ಲಿ (ಕ್ರಿ.ಶ. 898) ಲೋಕಾದಿತ್ಯನ ರಾಜಧಾನಿಯಾದ, ಇಂದಿನ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಒಬ್ಬನೇ ದೊರೆಯ ನೆರಳಿನಲ್ಲಿ ಜಿನಪುರಾಣವೂ ಇತ್ತು, ತಾಜಿಕ ಮಂಡಲಾಧಿಪತಿಯೂ ಇದ್ದ. ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆದವರು ವಿರಳ.

ಇನ್ನು ಹಿರೇಕೆರೂರು ಸೀಮೆಯ ಅಬ್ಬಲೂರು. ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ಶಿರವನ್ನು ಕೊಯ್ದು ಮರಳಿ ಪಡೆದು, ಜಿನಬಿಂಬವನ್ನು ಕೆಡವಿದನೆಂದು ಅಲ್ಲಿಯ ಸುಮಾರು 1200ರ ಶಾಸನ ಹೆಮ್ಮೆಯಿಂದ ಸಾರುತ್ತದೆ. ಅವನ ಗುಡಿಗೆ ದಾನ ಕೊಟ್ಟವರಲ್ಲಿ ಹಾನಗಲ್ಲಿನ ಕದಂಬ ಕಾಮದೇವನೂ ಒಬ್ಬ. ಖಿಲ್ಜಿಯ ಸೈನ್ಯ ದೇವಗಿರಿಗೆ ಬಂದದ್ದೇ 1296ರಲ್ಲಿ. ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು ಹಾನಗಲ್ಲಿಗೆ ಮುತ್ತಿಗೆ ಹಾಕಿದವನು ಹೊಯ್ಸಳ ಇಮ್ಮಡಿ ಬಲ್ಲಾಳ. ಈ ಕಾಲಗಣನೆಯನ್ನು ಗಮನಿಸದೆ ಬಿಂಬಭಂಗದ ಹೊಣೆಯನ್ನು ಒಂದೇ ಕಡೆಗೆ ಹೊರಿಸುವುದು ಪಾಂಡಿತ್ಯವಲ್ಲ.

ಹಾಗೆಂದು ಬಂಕಾಪುರದಲ್ಲಿ ನಡೆದುದನ್ನು ಮರೆಸುವವರ ಜೊತೆಗೂ ನಾನಿಲ್ಲ. ತಾಳಿಕೋಟೆಯ ಯುದ್ಧದ ನಂತರ, 1570ರ ದಶಕದಲ್ಲಿ, ಅಲಿ ಆದಿಲ್‌ಶಾಹನ ಸೈನ್ಯ ವರ್ಷಕ್ಕೂ ಮೀರಿದ ಮುತ್ತಿಗೆಯ ಬಳಿಕ ಆ ಕೋಟೆಯನ್ನು ಗೆದ್ದಿತು. ಒಳಗಿದ್ದ ದೇವಾಲಯವನ್ನು ಕೆಡವಿಸಿ ಸುಲ್ತಾನನೇ ಮಸೀದಿಗೆ ಅಡಿಗಲ್ಲಿಟ್ಟನೆಂದು ಬರೆದವನು ಬಿಜಾಪುರದ ಆಸ್ಥಾನದಲ್ಲೇ ಇದ್ದ ಫೆರಿಸ್ತಾ. ಇದನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಆ ಸೈನ್ಯದಲ್ಲಿ ಬರ್ಗಿ ಸವಾರರಿದ್ದರೆಂದು ಹೇಳುವವನೂ ಅವನೇ. ವಿಜಯನಗರದ ಇಮ್ಮಡಿ ದೇವರಾಯ ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡನೆನ್ನುವವನೂ ಅವನೇ. ಅದಕ್ಕೂ ಹಿಂದೆ ಮುಮ್ಮಡಿ ಬಲ್ಲಾಳನ ಪಡೆಯಲ್ಲಿ ಸುಮಾರು 20,000 ಮುಸಲ್ಮಾನರಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. 1756ರಲ್ಲಿ ಸವಣೂರನ್ನು ಮುತ್ತಿದವರು ಪೇಶ್ವೆ ಮತ್ತು ನಿಜಾಮರು. ನವಾಬನ ಪಕ್ಕದಲ್ಲಿ ನಿಂತವನು ಮುರಾರಿರಾವ್ ಘೋರ್ಪಡೆ. ದಂಡಿಗೆ ಸಂಬಳವಿತ್ತು, ಕುದುರೆಯಿತ್ತು, ಲೂಟಿಯ ಆಸೆಯಿತ್ತು, ಒಂದೇ ಧರ್ಮವಿರಲಿಲ್ಲ.

ನಮ್ಮ ಪರಿಷತ್ತುಗಳಿಗೂ ಬಸದಿ ಸಮಿತಿಗಳಿಗೂ ನನ್ನ ವಿನಂತಿ ಇಷ್ಟು: ಸಿಕ್ಕ ಪ್ರತಿಯೊಂದು ಬಿಂಬದ ಬಳಿ ಮೊದಲು ಸ್ಥಳ, ಶಿಲೆ, ಪೀಠದ ಲಿಪಿ, ಕಡಿತದ ಗುರುತು ದಾಖಲಾಗಲಿ. ಒಡೆದವನ ಹೆಸರಿನ ಸಾಲಿಗೆ ಆಧಾರ ದೊರೆಯುವ ತನಕ ಅದು ಖಾಲಿಯೇ ಇರಲಿ. ಅಬ್ಬಲೂರಿನಂತೆ ಕಲ್ಲೇ ಬಾಯ್ಬಿಟ್ಟು ಹೇಳಿದಲ್ಲಿ ಮಾತ್ರ ಅದನ್ನು ತುಂಬೋಣ.